ಎಲ್ಲ ಕ್ಲಿಪ್ಪಿಗೂ ಒಂದೇ ಚೌಕ

ರಕ್ತ ಪರೀಕ್ಷೆಗೆಂದು ಹೋಗಿದ್ದೆ. ಲ್ಯಾಬಿನವಳು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೊಣಕೈಯ ಒಳಬದಿಯನ್ನು ಒರೆಸಿದಳು. ಆ ವಾಸನೆಗೆ, ಸೂಜಿ ಚುಚ್ಚುವ ಮೊದಲೇ, ನಾನು ಮೈಸೂರಿನಿಂದ ಎದ್ದು ಹೋಗಿದ್ದೆ. ಕತಾರ್, ಅಲ್ ಮನ್ಸೂರಾ, ಮನಿ ಎಕ್ಸ್‌ಚೇಂಜಿನ ಪಕ್ಕದ ವಿಡಿಯೋ ಅಂಗಡಿ. ಹಿಂಬದಿಯ ಕೋಣೆಯಲ್ಲಿ ಮುಚ್ಚಳ ಬಿಚ್ಚಿದ ವಿಸಿಆರ್. ಟೇಪು ಓದುವ ಅದರ ಹೆಡ್ಡಿಗೆ ಸ್ಪಿರಿಟ್ಟಿನ ಬಟ್ಟೆ ಒತ್ತಿ ಮೆಲ್ಲಗೆ ತಿರುಗಿಸುತ್ತಿದ್ದವರು ಸ್ಟುಡಿಯೋ ಕಾಕ. ಚಿತ್ರದಲ್ಲಿ ಬಿಳಿ ಗೆರೆ ಓಡತೊಡಗಿದರೆ ಅವರು ಉಳಿದ ಕೆಲಸವನ್ನೆಲ್ಲ ಬಿಟ್ಟು ಇದಕ್ಕೆ ಕೂರುತ್ತಿದ್ದರು...

ಅವರು ಮಂಗಳೂರು ಕಡೆಯ ಬ್ಯಾರಿ. ಆ ಕಡೆಯ ನನ್ನ ಸಹೋದ್ಯೋಗಿಗಳು ಕಾಕ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಆಗ ಅವರೊಂದು ಕ್ಯಾಸೆಟ್ ಮಾಡಿದರು. ಸತ್ತುಹೋಗಿದ್ದ ತಂಗಿಯ ಮಗನನ್ನು ಬದುಕಿರುವವನ ಹಾಗೆ ತೋರಿಸಿ, ಊರಿನಲ್ಲಿದ್ದ ತಂಗಿಗೆ ಕಳಿಸಿದ ಕ್ಯಾಸೆಟ್. ಅದರಿಂದ ಅವರು ಆ ತಂಗಿಯನ್ನು ಕಳೆದುಕೊಂಡರು. ಮೋಸ ಮಾಡಿದ್ದಕ್ಕೆ ಎಂದು ನೀವು ಅಂದುಕೊಂಡರೆ ಅದು ಅರ್ಧ ಮಾತ್ರ ಸರಿ.

ಇದನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ಕಥೆ ಇನ್ನಷ್ಟು ಚೊಕ್ಕವಾಯಿತು. ಚೊಕ್ಕವಾದಷ್ಟೂ ನನಗೆ ಅದರ ಮೇಲೆ ಅನುಮಾನ ಹೆಚ್ಚಿತು. ಈ ಸಲ ಕಣ್ಣಾರೆ ಕಂಡದ್ದನ್ನೂ ಆಮೇಲೆ ಕಿವಿಗೆ ಬಿದ್ದದ್ದನ್ನೂ ಬೇರೆ ಬೇರೆ ಇಡಲು ನೋಡುತ್ತೇನೆ. ಎಷ್ಟರ ಮಟ್ಟಿಗೆ ಆಗುತ್ತದೋ ಗೊತ್ತಿಲ್ಲ.

ನಾನು ಒಂದು ಟ್ರೇಡಿಂಗ್ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಮಧ್ಯಾಹ್ನ ಒಂದಕ್ಕೆ ಆಫೀಸು ಮುಚ್ಚಿ ನಾಲ್ಕಕ್ಕೆ ಮತ್ತೆ ತೆರೆಯುತ್ತಿತ್ತು. ಆ ಬಿಸಿಲಿನಲ್ಲಿ ಊರಿಗೆ ಊರೇ ಮಲಗುತ್ತಿತ್ತು. ನನ್ನ ಕೋಣೆಯಲ್ಲಿ ಮೂವರು ಗೊರಕೆ ಹೊಡೆಯುತ್ತಿದ್ದರು, ನನಗೆ ಹಗಲು ನಿದ್ದೆ ಬಾರದು. ಕಾಕ ಅಂಗಡಿಯ ಶಟರನ್ನು ಅರ್ಧ ಎಳೆದು ಒಳಗೆ ಎಡಿಟಿಂಗಿಗೆ ಕೂರುವ ಹೊತ್ತು ಅದೇ. ಮೊದಲ ಸಲ ಹೋದದ್ದು ಯಾವುದೋ ಕ್ಯಾಸೆಟ್ ಕೇಳಲು. ಆಮೇಲೆ ಕೆಲಸ ಸಿಕ್ಕಿತು. ಅವರ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಮದುವೆ ಕ್ಯಾಸೆಟ್ಟಿಗೆ ಕನ್ನಡದ ಹೆಸರು ಬೇಕೆನ್ನುವ ಗಿರಾಕಿಗಳಿದ್ದರು. ನನ್ನ ಕೈಬರಹ ದುಂಡಗಿತ್ತು. ಕಪ್ಪು ರಟ್ಟಿನ ಮೇಲೆ ಬಿಳಿ ಬಣ್ಣದಲ್ಲಿ ನಾನು ಬರೆದದ್ದನ್ನು ಅವರು ಕ್ಯಾಮೆರಾದಲ್ಲಿ ಹಿಡಿದು ಚಿತ್ರದ ಮೇಲೆ ಕೂರಿಸುತ್ತಿದ್ದರು.

"ಎಂತ ಮೈಸೂರು, ಊಟ ಆಯ್ತಾ?" ಎನ್ನುವುದು ಅವರ ಸ್ವಾಗತ. ಅವರಿಗೆ ನನ್ನ ಹೆಸರೇ ಮೈಸೂರು.

"ಆಯ್ತು ಕಾಕ. ಇವತ್ತೂ ಸಾಂಬಾರಿಗೆ ಬೆಲ್ಲ ಹಾಕಿದ್ರು ನಿಮ್ಮ ಊರಿನವರು."

"ಮೈಸೂರು ಪಾಕ ತಿಂದು ಬೆಳೆದವರು ನೀವು, ಚಿಟಿಕೆ ಬೆಲ್ಲಕ್ಕೆ ಅಳ್ತೀರಲ್ಲ ಮಾರಾಯ್ರೆ."

ಅವರು ಕಂಪ್ಯೂಟರ್ ತರಿಸಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅದಕ್ಕೂ ಮೊದಲು ಫೋಟೋಗಳಿಗೆ ಚಲನೆ ಕೊಡಬೇಕಾದರೆ ಅವರು ಫೋಟೋವನ್ನು ಗೋಡೆಗೆ ಅಂಟಿಸಿ, ಎದುರಿಗೆ ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು, ಉಸಿರು ಬಿಗಿಹಿಡಿದು ಕೈಯಿಂದಲೇ ಪಕ್ಕಕ್ಕೆ ಸರಿಸುತ್ತ ಹತ್ತಿರಕ್ಕೆ ತರುತ್ತಿದ್ದರಂತೆ. ಕೆಮ್ಮು ಬಂದರೆ ಮೊದಲಿನಿಂದ. ಕಂಪ್ಯೂಟರಿನಲ್ಲಿ ಅದು ಎರಡು ಚೌಕಗಳ ಕೆಲಸ. ಕ್ಲಿಪ್ ಶುರುವಾಗುವಾಗ ಎಷ್ಟು ಕಾಣಬೇಕೋ ಅಷ್ಟಕ್ಕೆ ಒಂದು ದೊಡ್ಡ ಚೌಕ, ಕೊನೆಗೆ ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಒಂದು ಸಣ್ಣ ಚೌಕ. ದೊಡ್ಡದರಿಂದ ಸಣ್ಣದಕ್ಕೆ ಹೋಗುವ ದಾರಿಯನ್ನು ಯಂತ್ರ ತಾನೇ ಹಾಕಿಕೊಳ್ಳುತ್ತಿತ್ತು. ನೋಡುವವರಿಗೆ ಯಾರೋ ಮೆಲ್ಲಗೆ ನಡೆದು ಹತ್ತಿರ ಹೋದ ಹಾಗೆ.

ಅದಕ್ಕಿಂತ ಅವರನ್ನು ಮರುಳು ಮಾಡಿದ್ದು ಇನ್ನೊಂದು ಸೌಕರ್ಯ. ಒಂದು ಕ್ಲಿಪ್ಪಿಗೆ ಹಾಕಿದ ಚೌಕಗಳನ್ನು ನಕಲು ತೆಗೆದು, ಉಳಿದ ಕ್ಲಿಪ್ಪುಗಳನ್ನೆಲ್ಲ ಒಟ್ಟಿಗೆ ಆರಿಸಿ, ಒಂದೇ ಏಟಿಗೆ ಎಲ್ಲದಕ್ಕೂ ಅಂಟಿಸಿಬಿಡಬಹುದಿತ್ತು.

"ಮದುವೆ ಅಂದ್ರೆ ಮಧ್ಯ ಮಾರಾಯ್ರೆ. ಗಂಡು ಹೆಣ್ಣು ಮಧ್ಯ ಇರ್ತಾರೆ. ಚೌಕ ಮಧ್ಯ ಇಟ್ರೆ ಖಲಾಸ್," ಎನ್ನುತ್ತಿದ್ದರು.

ಒಮ್ಮೆ ಹಾಗೆ ಅಂಟಿಸಿದ್ದು ಊಟದ ಕ್ಲಿಪ್ಪಿಗೂ ಅಂಟಿ, ಚಿತ್ರ ಮೆಲ್ಲಗೆ ಮದುಮಗನನ್ನು ದಾಟಿ ಬಿರಿಯಾನಿಯ ಹಂಡೆಯ ಮೇಲೆ ಹೋಗಿ ನಿಂತಿತ್ತು. ಗಿರಾಕಿ ನಕ್ಕು ಸುಮ್ಮನಾದ. ಆದರೆ ಅಲ್ಲಿಂದ ಮುಂದೆ ಕಾಕ ಪ್ರತಿ ಕ್ಯಾಸೆಟ್ಟನ್ನೂ ಕೊಡುವ ಮೊದಲು ಪೂರ್ತಿ ಕೂತು ನೋಡುತ್ತಿದ್ದರು. ಇದನ್ನು ನಾನು ಕಂಡಿದ್ದೇನೆ. ನೋಡದೆ ಕೊಟ್ಟದ್ದನ್ನು ಕಂಡಿಲ್ಲ.

ತಂಗಿಯ ಮಗ ಕತಾರಿಗೆ ಬಂದದ್ದು ಕಾಕ ಕೊಡಿಸಿದ ವೀಸಾದಲ್ಲಿ. ಉಮ್ ಸೈದ್ ಕಡೆಗೆ ಸಾಮಾನು ಸಾಗಿಸುವ ಪಿಕಪ್ ಓಡಿಸುತ್ತಿದ್ದ. ತುಂಬ ಎತ್ತರದ ಆಳು, ಶಟರ್ ಅರ್ಧ ಎಳೆದಿದ್ದರೆ ಅವನು ಒಳಗೆ ಬರುವುದೇ ಒಂದು ಸರ್ಕಸ್ಸು. ಶುಕ್ರವಾರ ಜುಮಾ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತರೆ ಅಂಗಡಿ ಅರ್ಧ ತುಂಬುತ್ತಿತ್ತು. ಮಾವನ ಕ್ಯಾಮೆರಾದ ಬಗ್ಗೆ ಅವನದೊಂದು ಶಾಶ್ವತ ದೂರು.

"ಮಾಮ, ನಿಮ್ಮ ಎಲ್ಲ ಕ್ಯಾಸೆಟ್ಟಿನಲ್ಲಿಯೂ ನಾನು ಮೂಲೆಯಲ್ಲಿ. ಊರಿನಲ್ಲಿ ಉಮ್ಮ ಹುಡುಕಿ ಹುಡುಕಿ ಸಾಕಾಗ್ತಾರೆ."

"ನಿನ್ನನ್ನು ಮಧ್ಯ ನಿಲ್ಲಿಸಿದ್ರೆ ಉಳಿದವರು ಶಾಲೆ ಮಕ್ಕಳ ಹಾಗೆ ಕಾಣ್ತಾರೆ. ಉದ್ದದವರು ಬಲಕ್ಕೆ. ನಿನಗೊಬ್ಬನಿಗೆ ಬೇರೆ ಕಾನೂನು ಮಾಡ್ಲಿಕ್ಕೆ ಆಗುದಿಲ್ಲ."

ಅದು ಕಾಕನ ನಿಯಮ. ಗುಂಪು ನಿಲ್ಲಿಸುವಾಗ ಎತ್ತರದವರು ಬಲತುದಿಗೆ. ಯಾರದೇ ಮದುವೆ, ಯಾವುದೇ ಕೂಟ, ಅವನು ಚಿತ್ರದ ಬಲಗಡೆಯ ಅಂಚಿನಲ್ಲಿ ತಲೆಯೊಂದು ಮೇಲೆದ್ದು ನಿಂತಿರುತ್ತಿದ್ದ.

ಅವನ ಪಿಕಪ್ಪಿಗೆ ಉಮ್ ಸೈದ್ ರಸ್ತೆಯಲ್ಲಿ ನೀರಿನ ಟ್ಯಾಂಕರ್ ಬಡಿಯಿತು. ಸ್ಥಳದಲ್ಲೇ ಹೋದ. ಗುರುತು ಹಿಡಿಯಲು ಕಾಕನೇ ಹೋದರು. ಕಾಗದಪತ್ರ ಮುಗಿದ ಕೂಡಲೇ ಅಲ್ಲೇ ದಫನ ಮಾಡಿದರು, ದೇಹವನ್ನು ಊರಿಗೆ ಕಳಿಸಲಿಲ್ಲ. ಕಬರಸ್ತಾನದ ಗೋಡೆಯ ಹೊರಗೆ ನಾನು ನಿಂತಿದ್ದೆ. ಬಿಸಿಗಾಳಿಗೆ ಧೂಳೆದ್ದು ಒಳಗಿನವರು ಹೊರಗೆ ಬಂದಾಗ ಎಲ್ಲರ ಮುಖವೂ ಒಂದೇ ಬಣ್ಣ. ಕಾಕ ನನ್ನನ್ನು ನೋಡಿ, "ಬಿಸಿಲಿನಲ್ಲಿ ಯಾಕೆ ನಿಂತ್ರಿ ನೀವು," ಅಂದರು. ಅಷ್ಟೇ.

ಒಂದೆರಡು ದಿನದ ಮೇಲೆ ಅಂಗಡಿಗೆ ಹೋದಾಗ ಅವರು ಫೋನಿನಲ್ಲಿದ್ದರು. ಬ್ಯಾರಿ ಭಾಷೆ ನನಗೆ ತಿಳಿಯದು. ಫೋನ್ ಇಟ್ಟು ಕನ್ನಡಕ್ಕೆ ಬಂದರು.

"ಬಾವ ಫೋನ್ ಮಾಡಿದ್ದು. ಅವಳಿಗೆ ಹೇಳ್ಲಿಲ್ಲಂತೆ."

"ಯಾರಿಗೆ?"

"ತಂಗಿಗೆ. ಅವಳ ಮಗಳ ನಿಕಾಹ್ ಮುಗಿಯುವವರೆಗೆ ಬಾಯಿ ಬಿಡಬಾರ್ದಂತೆ. ಅವಳಿಗೆ ಹಾರ್ಟಿನದ್ದು ಉಂಟು. ಮದುಮಗನಿಗೆ ಸೌದಿಗೆ ವಾಪಸ್ ಹೋಗ್ಲಿಕ್ಕುಂಟು, ದಿನ ಮುಂದೆ ಹಾಕ್ಲಿಕ್ಕೆ ಆಗುದಿಲ್ಲ. ಎಲ್ಲ ಗಂಡಸರು ಕೂತು ಮಾತಾಡಿ ಆಗಿದೆ."

"ಆಮೇಲೆ ಹೇಳ್ತಾರಾ?"

"ಆಮೇಲೆ ಹೇಳ್ತಾರಂತೆ. ಕ್ಯಾಸೆಟ್ ಬೇಕಂತೆ."

"ಯಾವ ಕ್ಯಾಸೆಟ್?"

"ಅವನದ್ದು. ಅವಳೇ ಕೇಳಿದ್ದಂತೆ. ರಜೆ ಸಿಕ್ಕದಿದ್ರೆ ಬೇಡ, ಅವನ ತಂಗಿಯ ಮದುವೆಗೆ ಅವನ ಮುಖ ಆದ್ರೂ ಬರ್ಲಿ ಅಂತ."

ಆಗ ಅದೊಂದು ರೂಢಿ. ಮದುವೆಗೆ ರಜೆ ಸಿಗದ ಅಣ್ಣಂದಿರು ವಿಡಿಯೋದಲ್ಲಿ ನಿಂತು ಶುಭ ಕೋರಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಅಂಥವನ್ನು ಕಾಕ ಎಷ್ಟೋ ಮಾಡಿದ್ದರು.

"ಮಾಡ್ಬೇಡಿ ಕಾಕ," ಅಂದೆ.

"ಕಳಿಸದಿದ್ರೆ ಅವಳು ಕೇಳ್ತಾಳೆ, ಅವನ ಮಾಮ ಅಲ್ಲಿಯೇ ಅಂಗಡಿ ಇಟ್ಟು ಕೂತಿದ್ದಾನೆ, ಒಂದು ಕ್ಯಾಸೆಟ್ ಮಾಡ್ಲಿಕ್ಕೆ ಆಗ್ಲಿಲ್ವಾ ಅಂತ. ಆಗ ಯಾರು ಎಂತ ಹೇಳುದು?"

ಅವರು ಅದನ್ನು ಮಾಡಲು ಒಪ್ಪಿದ್ದು ನನಗೆ ಕಂಡದ್ದು ಇಷ್ಟರಲ್ಲಿ. ಒಳಗೆ ಏನಿತ್ತೋ.

ಅವನು ಒಬ್ಬನೇ ನಿಂತು ಮಾತಾಡಿದ ಚಿತ್ರ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಬೇರೆಯವರ ಕ್ಯಾಸೆಟ್ಟುಗಳ ಮೂಲೆಗಳು. ಯಾರದೋ ನಿಶ್ಚಿತಾರ್ಥ, ಒಂದು ಇಫ್ತಾರ್ ಕೂಟ, ಕಡಲ ತೀರದಲ್ಲಿ ಈದ್ ದಿನದ ಪಿಕ್ನಿಕ್, ಅಲ್ ವುಕೈರ್ ಕಡೆಯ ಮರಳಿನಲ್ಲಿ ಶುಕ್ರವಾರದ ಕ್ರಿಕೆಟ್. ಕಾಕ ಮಧ್ಯಾಹ್ನಗಳೆಲ್ಲ ಹಳೆಯ ಟೇಪುಗಳನ್ನು ಓಡಿಸಿ, ಅವನು ಕಂಡಲ್ಲೆಲ್ಲ ಆ ತುಂಡನ್ನು ಕಂಪ್ಯೂಟರಿಗೆ ಇಳಿಸಿದರು. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಪರದೆಯಲ್ಲಿ ಅವನು ಬ್ಯಾಟು ಹಿಡಿದು ಯಾರನ್ನೋ ಬೈಯುತ್ತಿದ್ದ, ಐಸ್ ಪೆಟ್ಟಿಗೆ ಹೊರುತ್ತಿದ್ದ, ಚಪ್ಪಾಳೆ ತಟ್ಟುತ್ತಿದ್ದ.

"ಎಲ್ಲಿಯೂ ಅವ ಕ್ಯಾಮೆರಾ ನೋಡ್ಲಿಲ್ಲ ನೋಡಿ," ಅಂದರು ಕಾಕ ಒಮ್ಮೆ.

ಅವನನ್ನು ಮೂಲೆಯಿಂದ ಎತ್ತಿ ಮುಂದಕ್ಕೆ ತರಬೇಕಿತ್ತು. ಅದಕ್ಕೆ ಇದ್ದದ್ದು ಆ ಎರಡು ಚೌಕಗಳು. ಮೊದಲ ಕ್ಲಿಪ್ಪಿನಲ್ಲಿ ದೊಡ್ಡ ಚೌಕ ಇಡೀ ಗುಂಪಿಗೆ, ಸಣ್ಣ ಚೌಕ ಬಲಗಡೆ ಮೇಲ್ತುದಿಗೆ, ಅವನ ಮುಖಕ್ಕೆ. ಓಡಿಸಿ ನೋಡಿದರು. ಚಿತ್ರ ಗುಂಪನ್ನು ಬಿಟ್ಟು ಬಲಕ್ಕೆ ಸರಿಯುತ್ತ, ಏರುತ್ತ, ಅವನಲ್ಲಿ ಹೋಗಿ ನಿಂತಿತು. ಅಷ್ಟು ಹತ್ತಿರಕ್ಕೆ ಮುಖ ಒಡೆದು ಚುಕ್ಕೆಚುಕ್ಕೆಯಾಗಿತ್ತು. ಕಾಕ ಚೌಕವನ್ನು ಸ್ವಲ್ಪ ಹಿಗ್ಗಿಸಿದರು.

"ಇನ್ನೂ ಹತ್ತಿರ ಹೋದ್ರೆ ಅವ ಇರುದಿಲ್ಲ. ಬರೀ ಹೊಟ್ಟು."

ಹಳೆಯ ತುಂಡುಗಳಷ್ಟೇ ಸಾಲದು ಅನ್ನಿಸಿತು ಅವರಿಗೆ. ಈಗಿನದು ಎನ್ನುವ ಹಾಗೆ ಏನಾದರೂ ಇರಬೇಕು. ಅವನ ಕೋಣೆಯ ಗೆಳೆಯರಿಂದ ಶುಭಾಶಯ ಹೇಳಿಸುವುದೆಂದಾಯಿತು. ಶುಕ್ರವಾರ ಕ್ಯಾಮೆರಾ ತೆಗೆದುಕೊಂಡು ಹೋದರು, ನನ್ನನ್ನೂ ಕರೆದರು. ಗಲ್ಫಿನ ಕೋಣೆಗಳು ಹೇಗಿರುತ್ತವೆಂದು ಅಲ್ಲಿದ್ದವರಿಗೆ ಗೊತ್ತು. ಡ್ಯೂಟಿಗೆ ಹೋದವನ ಮಂಚದಲ್ಲಿ ಹಾಸಿಗೆ ಹರಡಿರುತ್ತದೆ, ತಲೆಯ ಕಡೆ ಲುಂಗಿಯೋ ಟವೆಲೋ ಜೋತಾಡುತ್ತದೆ. ಹಾಸಿಗೆ ಸುತ್ತಿ ಹಗ್ಗ ಕಟ್ಟಿದ್ದರೆ ಆ ಮನುಷ್ಯ ಮರಳಿ ಬರುವುದಿಲ್ಲ ಎಂದು ಅರ್ಥ. ದಫನದ ದಿನವೇ ಗೆಳೆಯರು ಅವನ ಹಾಸಿಗೆಯನ್ನು ಸುತ್ತಿ ಕಟ್ಟಿ ಬರಿಯ ಮಂಚದ ಮೇಲಿಟ್ಟಿದ್ದರು. ಅದು ಕೋಣೆಯ ಬಲಗಡೆ, ಮಂಚದ ಮೇಲೆ ಮಂಚವಿರುವ ಜೋಡಿಯಲ್ಲಿ ಮೇಲಿನದು. ಎಡಗಡೆಯ ಮಂಚದ ಮೇಲೆ ಗೆಳೆಯರು ಮೂವರು ಸಾಲಾಗಿ ಕೂತರು.

"ಹಾಸಿಗೆ ಬಿಚ್ಚಿ ಹಾಕುದಾ ಕಾಕ?" ಎಂದು ಅವರಲ್ಲೊಬ್ಬ ಕೇಳಿದ.

"ಬೇಡ, ಅದನ್ನು ಮುಟ್ಟಬೇಡಿ," ಅಂದರು ಕಾಕ. ಯಾಕೆಂದು ಹೇಳಲಿಲ್ಲ. ನೋಡುವವರ ಗಮನ ಅಷ್ಟು ದೂರಕ್ಕೆ ಹೋಗದು ಎಂದೋ, ಕಟ್ಟಿದ ಹಾಸಿಗೆಯನ್ನು ಸುಳ್ಳಿಗೆ ಬಿಚ್ಚಲು ಮನಸ್ಸಾಗದೆಯೋ.

ಅವನು ಸೈಟಿನಲ್ಲಿದ್ದಾನೆ, ಡ್ಯೂಟಿ ಬಿಡುವುದಿಲ್ಲ, ಮದುವೆ ಒಳ್ಳೆಯದಾಗಿ ನಡೆಯಲಿ ಉಮ್ಮ ಎಂದು ಮೂವರೂ ಹೇಳಿದರು. ಕೊನೆಯವನಿಗೆ ಮಾತು ಸರಿಯಾಗಿ ಬರಲು ಹಲವು ಸಲ ಬೇಕಾಯಿತು.

ಕ್ಯಾಸೆಟ್ ಒಯ್ಯಬೇಕಾದ ಮನುಷ್ಯ ಭಾನುವಾರ ಸಂಜೆಯ ವಿಮಾನಕ್ಕೆ ಹೊರಟಿದ್ದ. ಕಾಕ ಹಿಂದಿನ ದಿನವೇ ತುಂಡುಗಳನ್ನು ಸಾಲಾಗಿ ಜೋಡಿಸಿ, ಮೊದಲನೆಯದರ ಚೌಕಗಳನ್ನು ನಕಲು ತೆಗೆದು, ಎಲ್ಲವನ್ನೂ ಆರಿಸಿ ಅಂಟಿಸಿದ್ದರು. ಅದು ಸಾಧ್ಯವಾದದ್ದು ಅವನು ಎಲ್ಲ ಚಿತ್ರದಲ್ಲೂ ಬಲತುದಿಯಲ್ಲೇ ಇದ್ದದ್ದರಿಂದ. ಆಮೇಲೆ ಯಂತ್ರ ಎಲ್ಲವನ್ನೂ ಬೆಸೆಯಲು ಕೂತಿತು. ಆ ಕಾಲದ ಕಂಪ್ಯೂಟರಿಗೆ ಅದು ಗಂಟೆಗಟ್ಟಲೆಯ ಕೆಲಸ. ಒಂದು ಚೌಕ ಬದಲಿಸಿದರೂ ಮತ್ತೆ ಅಷ್ಟೇ ಹೊತ್ತು. ನಾನು ಹೋದಾಗ ಬೆಸೆದದ್ದು ಮುಗಿದು ವಿಸಿಆರಿಗೆ ಇಳಿಯುತ್ತಿತ್ತು. ನಾನು ಬರೆದುಕೊಟ್ಟಿದ್ದ "ತಂಗಿಗೆ ಅಣ್ಣನಿಂದ" ಎನ್ನುವ ಅಕ್ಷರಗಳು ಬಂದು ಹೋದವು.

ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ನೋಡಿದೆವು. ನಿಶ್ಚಿತಾರ್ಥ. ಚಿತ್ರ ಬಲಕ್ಕೆ ಸರಿದು, ಏರಿ, ಅವನಲ್ಲಿ ನಿಂತಿತು. ಇಫ್ತಾರ್. ಮತ್ತೆ ಹಾಗೆಯೇ. ಪಿಕ್ನಿಕ್. ಕ್ರಿಕೆಟ್. ನಾಲ್ಕಾರು ಕ್ಲಿಪ್ಪಾಗುವಷ್ಟರಲ್ಲಿ ಕಣ್ಣಿಗೆ ರೂಢಿಯಾಗಿತ್ತು, ಚಿತ್ರ ಹೊರಡುವ ಮೊದಲೇ ಕಣ್ಣು ಆ ಮೂಲೆಗೆ ಹೋಗಿ ಅವನಿಗಾಗಿ ಕಾಯುತ್ತಿತ್ತು. ಕೊನೆಗೆ ಕೋಣೆ ಬಂತು. ಗೆಳೆಯರು ಮಾತಾಡತೊಡಗಿದರು. ಅವರು ಮಾತಾಡುತ್ತಿರುವಂತೆಯೇ ಚಿತ್ರ ಹೊರಟಿತು. ಮೂರೂ ಮುಖಗಳು ಎಡಕ್ಕೆ ಜಾರಿ ಒಂದೊಂದಾಗಿ ಹೊರಗೆ ಹೋದವು. ದನಿಗಳು ಉಳಿದವು. ಚಿತ್ರ ಬಲಕ್ಕೆ ಸರಿಯಿತು, ಏರಿತು, ಸುತ್ತಿ ಕಟ್ಟಿದ ಹಾಸಿಗೆಯ ಮೇಲೆ ಹೋಗಿ ನಿಂತಿತು. ಅವನು ಸೈಟಿನಲ್ಲಿದ್ದಾನೆ ಎಂದು ದನಿ ಹೇಳುತ್ತಿತ್ತು...

ಟೇಪು ಹಿಂದಕ್ಕೆ ತಿರುಗಿದ ಸದ್ದು ಕೇಳಿತು. ಕೋಣೆ ಮತ್ತೆ ಬಂತು, ಮುಖಗಳು ಮತ್ತೆ ಜಾರಿದವು, ಹಾಸಿಗೆ ಮತ್ತೆ ಬಂತು.

"ಕಾಕ, ಕೊನೇದು..." ಅಂದೆ.

ಅಷ್ಟರಲ್ಲಿ ಯಾರೋ ಹೊರಗಿನಿಂದ ಶಟರು ಬಡಿದರು. "ಹೋಗುವವ ಬಂದ," ಅಂದರು ಕಾಕ. ಕ್ಯಾಸೆಟ್ ಹೊರಗೆ ತೆಗೆದು, ಮೇಲೆ ಯಾರೂ ಬೇರೇನೂ ರೆಕಾರ್ಡ್ ಮಾಡದ ಹಾಗೆ ಅದರ ಬೆನ್ನಿನ ಪ್ಲಾಸ್ಟಿಕ್ ಚೂರನ್ನು ಮುರಿದು, ಕವರಿಗೆ ಹಾಕಿ ಕೊಟ್ಟರು.

ಮುಂದಿನದೆಲ್ಲ ಕೇಳಿದ್ದು. ಮದುವೆಯ ಹಿಂದಿನ ದಿನ ಮನೆಯ ಹೆಂಗಸರೆಲ್ಲ ಕೂತು ಕ್ಯಾಸೆಟ್ ನೋಡಿದರಂತೆ. ಕ್ರಿಕೆಟ್ಟಿನಲ್ಲಿ ಮಗ ಬೈಯುವುದನ್ನು ನೋಡಿ ತಾಯಿ ನಕ್ಕರಂತೆ. ಕೊನೆಗೆ, ಇವನ ಹಾಸಿಗೆಯನ್ನು ಯಾಕೆ ಹೀಗೆ ಕಟ್ಟಿಟ್ಟಿದ್ದಾರೆ ಎಂದು ಕೇಳಿದರಂತೆ. ಆಕೆ ಗಲ್ಫಿನ ಕೋಣೆ ಕಂಡವರಲ್ಲ. ಸೌದಿಯಲ್ಲಿ ಬಹಳ ಕಾಲ ಇದ್ದು ಬಂದಿದ್ದ ಬಾವ ಬಾಗಿಲ ಬಳಿ ನಿಂತಿದ್ದರು. ಬಿಸಿಲಿಗೆ ಹಾಕಲು ಇರಬೇಕು ಅಂದರಂತೆ. ಆಕೆ ನಂಬಿದರು. ನಿಕಾಹ್ ನಡೆಯಿತು. ಬಾವ ಕಾಕನಿಗೆ ಫೋನು ಮಾಡಿ, ಆ ತುಂಡನ್ನು ಯಾಕೆ ಹಾಕಿದೆ, ಅವಳ ಜೀವ ತೆಗೆಯಲಿಕ್ಕಾ ಎಂದು ಬೈದರು. ಕಾಕ ಬೈಸಿಕೊಂಡರು.

ಮದುಮಗ ಸೌದಿಗೆ ಮರಳಿದ ಮೇಲೆ ತಾಯಿಗೆ ಹೇಳಿದರು. ಹೃದಯ ನಿಲ್ಲಲಿಲ್ಲ. ಆಕೆ ಅತ್ತು ಮುಗಿಸಿ, ಆ ಕ್ಯಾಸೆಟ್ಟನ್ನು ಇನ್ನೊಮ್ಮೆ ಹಾಕಿ ಎಂದರಂತೆ. ಆಮೇಲೆ ದಿನವೂ ಹಾಕಿಸಿದರಂತೆ. ಹಾಸಿಗೆ ಕಟ್ಟಿದ್ದರೆ ಏನರ್ಥ ಎಂದು ಯಾರೋ ಆಗ ಬಾಯಿ ಬಿಟ್ಟರು.

ಆಕೆ ಅಂಗಡಿಗೆ ಫೋನ್ ಮಾಡಿದ ಮಧ್ಯಾಹ್ನ ನಾನು ಅಲ್ಲಿದ್ದೆ. ಫೋನ್ ಇಟ್ಟಮೇಲೆ ಕಾಕನೇ ಹೇಳಿದರು.

"ಒಂದೇ ಕೇಳಿದ್ದು ಅವಳು. ನೀನು ಬೇಕಂತಲೇ ತೋರಿಸಿದ್ದಾ ಅಂತ. ಹೌದಾದ್ರೆ ಅಣ್ಣ ನನಗೆ ಹೇಳಿದ್ದಾನೆ, ನನಗೇ ಕಣ್ಣಿರ್ಲಿಲ್ಲ, ಮಗ ಮಣ್ಣಿನಡಿಯಲ್ಲಿ ಇರುವಾಗ ನಾನು ಮದರಂಗಿ ಹಾಕಿ ಕೂತೆ ಅಂತ ಹೇಳ್ತಾಳೆ."

"ನೀವೇನಂದ್ರಿ?"

"ಮಿಷನ್ ಮಾಡಿದ್ದು ಅಂದೆ. ಎಲ್ಲ ಕ್ಲಿಪ್ಪಿಗೂ ಒಂದೇ ಚೌಕ ಬಿದ್ದದ್ದು, ನನಗೆ ಗೊತ್ತಾಗ್ಲಿಲ್ಲ ಅಂದೆ."

"ಅದಕ್ಕೆ?"

"ಹಾಗಾದ್ರೆ ನೀನು ನನಗೆ ಕಳಿಸಿದ್ದು ಪೂರಾ ಸುಳ್ಳು ಅಂದ್ಲು. ಇಟ್ಲು."

ಬೇಕೆಂದೇ ತೋರಿಸಿದ್ದು ಎಂದರೆ, ಕಾಣಲಿಲ್ಲವೆಂಬ ಭಾರವನ್ನು ತಂಗಿ ಜೀವಮಾನವಿಡೀ ಹೊರಬೇಕು. ತಪ್ಪಿ ಆದದ್ದು ಎಂದರೆ, ಸತ್ತ ಮಗನನ್ನು ಬದುಕಿಸಿ ಕುಣಿಸಿದ ಅಣ್ಣ ಮಾತ್ರ ಉಳಿಯುತ್ತಾನೆ. ಅವರು ಎರಡನೆಯದನ್ನು ಆರಿಸಿಕೊಂಡರು. ಅಥವಾ ನಡೆದದ್ದೇ ಅದಾಗಿರಬಹುದು, ಆರಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲವೇನೋ. ಮರುವರ್ಷ ರಜೆಗೆ ಹೋದಾಗ ತಂಗಿ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಕಾಕ ಜಗಲಿಯಲ್ಲಿ ಬಾವನ ಜೊತೆ ಚಹಾ ಕುಡಿದು ಎದ್ದು ಬಂದರು. ಇದನ್ನು ನನಗೆ ಹೇಳುವಾಗ ಚಹಾಕ್ಕೆ ಏಲಕ್ಕಿ ಜಾಸ್ತಿ ಹಾಕಿದ್ದರು ಎಂದೂ ಸೇರಿಸಿದರು.

ಆಮೇಲೆ ಅವರು ಪ್ರತಿ ಕ್ಲಿಪ್ಪಿಗೂ ಬೇರೆ ಬೇರೆಯಾಗಿ ಚೌಕ ಹಾಕುತ್ತಿದ್ದರು. ಎರಡು ದಿನದ ಕೆಲಸ ವಾರ ಹಿಡಿಯುತ್ತಿತ್ತು. ಗಿರಾಕಿಗಳು ಬೇರೆ ಅಂಗಡಿ ಹುಡುಕಿಕೊಂಡರು. ತಮಾಷೆ ಕಡಿಮೆಯಾಯಿತು, ಊಟ ಆಯ್ತಾ ಎಂದು ಕೇಳುವುದು ಮಾತ್ರ ಬಿಡಲಿಲ್ಲ. ನಾನು ಕೆಲಸ ಬಿಟ್ಟು ಊರಿಗೆ ಹೊರಡುವ ಮೊದಲು ಒಂದು ದಿನ ಧೈರ್ಯ ಮಾಡಿ, ಬೇಕೆಂದೇ ಮಾಡಿದ್ದೋ ತಪ್ಪಿ ಆದದ್ದೋ ಎಂದು ಕೇಳಿದೆ. ಅವರು ಮೌಸಿನಿಂದ ಕೈ ತೆಗೆಯದೆ, "ಎರಡೂ ನನಗೆ ಒಂದೇ, ಮೈಸೂರು," ಅಂದರು. ಇದು ಅವರು ಅಂದದ್ದೋ, ಇಷ್ಟು ವರ್ಷಗಳಲ್ಲಿ ನಾನೇ ಅವರ ಬಾಯಿಗೆ ಹಾಕಿದ್ದೋ, ಈಗ ಪ್ರಮಾಣ ಮಾಡಿ ಹೇಳಲಾರೆ.

ಲ್ಯಾಬಿಗೆ ಹೋಗುವ ಕೆಲವು ದಿನ ಮೊದಲು ಒಂದು ಫೋನ್ ಬಂದಿತ್ತು. ಅಂದಿನ ಮದುಮಗಳು. ಈಗ ಅವಳ ಮಗಳಿಗೇ ಮದುವೆಯ ವಯಸ್ಸಂತೆ. ಕೋಣೆಯ ಆ ಗೆಳೆಯರಲ್ಲೊಬ್ಬರಿಂದ ನನ್ನ ನಂಬರು ಹುಡುಕಿದ್ದಳು.

"ಮಾಮ ತೀರಿಹೋಗಿ ವರ್ಷಗಳಾಯ್ತು ಸರ್. ನಿಮಗೆ ಗೊತ್ತಿರ್ಲಿಕ್ಕಿಲ್ಲ."

ಗೊತ್ತಿರಲಿಲ್ಲ.

"ಉಮ್ಮ ಮಯ್ಯತ್ ನೋಡ್ಲಿಕ್ಕೂ ಹೋಗ್ಲಿಲ್ಲ ಆಗ. ಈಗ ಮಲಗಿದಲ್ಲೇ ಇದ್ದಾರೆ. ಬಂದವರ ಹತ್ರ ಎಲ್ಲ ಅದನ್ನೇ ಕೇಳ್ತಾರೆ, ಅಣ್ಣ ಬೇಕಂತ ಮಾಡಿದ್ದಾ, ತಪ್ಪಿ ಆದದ್ದಾ ಅಂತ. ನೀವು ಅಲ್ಲಿ ಇದ್ರಂತೆ. ನಿಮಗೆ ಗೊತ್ತಿದ್ರೆ ಹೇಳಿ ಸರ್, ಉಮ್ಮ ಇಲ್ಲಿಯೇ ಇದ್ದಾರೆ, ಫೋನ್ ಸ್ಪೀಕರಲ್ಲಿ ಉಂಟು."

ಆಗ ತಂಗಿಯನ್ನು ಉಳಿಸಲು ಅಣ್ಣ ತನ್ನ ಮೇಲೆ ಎಳೆದುಕೊಂಡಿರಬಹುದಾದ ಉತ್ತರ ಈಗ ಆಕೆಗೆ ಬೇಡವಾಗಿತ್ತು. ಆಕೆಗೆ ಅಣ್ಣ ಬೇಕಾಗಿದ್ದ. ಬೇಕೆಂದೇ ಮಾಡಿದ್ದು ಎಂದು ನಾನೊಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಕಂಡದ್ದನ್ನಷ್ಟೇ ಹೇಳಿದೆ. ಕೊನೆಯ ತುಂಡು ಬಂದಮೇಲೆ ಅವರು ಟೇಪು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದರು, ಒಯ್ಯುವವನು ಬಂದಿದ್ದ, ಕೊಟ್ಟರು.

ಅವಳು ಅದನ್ನು ತಾಯಿಗೆ ಬ್ಯಾರಿಯಲ್ಲಿ ಹೇಳಿದಳು. ಕ್ಷೀಣವಾದ ದನಿಯೊಂದು ಏನೋ ಕೇಳಿತು.

"ಸರ್, ಎರಡನೇ ಸಲ ನೋಡುವಾಗ ಮಾಮನ ಮುಖ ಹೇಗಿತ್ತು ಅಂತ ಉಮ್ಮ ಕೇಳ್ತಾರೆ."

ಹುಡುಕಿದೆ. ಕೋಣೆಯ ತಂಪು ಇದೆ, ಟೇಪಿನ ಸದ್ದು ಇದೆ, ಹಾಸಿಗೆಗೆ ಬಿಗಿದ ಹಗ್ಗದ ಗಂಟೂ ಇದೆ. ಪಕ್ಕದಲ್ಲೇ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದ ಮನುಷ್ಯನ ಕಡೆಗೆ ನಾನು ತಿರುಗಿರಲೇ ಇಲ್ಲ.

"ನೋಡ್ಲಿಲ್ಲಮ್ಮ. ನಾನು ಪರದೆಯಲ್ಲಿ ಆ ಮಂಚವನ್ನೇ ನೋಡ್ತಾ ಇದ್ದೆ."

ಮತ್ತೆ ಬ್ಯಾರಿಯಲ್ಲಿ ಮಾತು.

"ಸರ್, ಉಮ್ಮ ಹೇಳ್ತಾರೆ, ಅಣ್ಣನೂ ಅದನ್ನೇ ನೋಡ್ತಾ ಇದ್ದಿರಬೇಕು, ಅಲ್ವಾ ಅಂತ."

ಇರಬಹುದು ಎನ್ನಬೇಕಿತ್ತು. "ಹೌದಮ್ಮ," ಅಂದೆ.